ಭಾನುವಾರ ತಾರಸಿಯಲ್ಲಿ ಕೆಂಡದ ಕೋಳಿ

ಎಲ್ಲರಿಗೂ ನಮಸ್ಕಾರ. ಸಂಜೆ 5ಕ್ಕೆ ಇದ್ದಿಲು ಹೊತ್ತಿಸುತ್ತೇವೆ. ಅಂಗಡಿಯ ಬಾರ್ಬೆಕ್ಯೂ ಸಾಸ್ ತರಬೇಡಿ, ನಾನೇ ಮಾಡಿ ತರುತ್ತೇನೆ: ಟೊಮೆಟೊ, ಹುಣಸೆ ರಸ, ಬೆಲ್ಲ, ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ ಹಾಕಿ ಸೌಟಿನಿಂದ ನಿಧಾನವಾಗಿ ಇಳಿಯುವಷ್ಟು ಗಟ್ಟಿಯಾಗಿ ಕುದಿಸಿದ್ದು.

ಕಳೆದ ಸಲದಂತೆ ಮೊದಲೇ ಸಾಸ್ ಬಳಿಯುವುದು ಬೇಡ. ಬೆಲ್ಲ ಸೀದು ತೊಡೆಗಳೆಲ್ಲ ಹೊರಗೆ ಕಾವಲಿಯಂತೆ ಕಪ್ಪು, ಒಳಗೆ ಮೂಳೆಯ ಬಳಿ ಹಸಿ! (ಬಳಿದವನು ನಾನೇ, ಒಪ್ಪಿಕೊಳ್ಳುತ್ತೇನೆ.) ಕೆಂಡಕ್ಕೆ ಬೂದಿ ಕಟ್ಟಿದ ಮೇಲೆ ಕೋಳಿ ಇಡೋಣ, ಕೊನೆಯ 10 ನಿಮಿಷಕ್ಕೆ ಸಾಸ್ ಬಳಿಯೋಣ. ಥರ್ಮಾಮೀಟರ್ ತರುತ್ತೇನೆ, ಮಾಂಸದ ಒಳಗೆ 74 ಡಿಗ್ರಿ ಸೆಲ್ಸಿಯಸ್ ಆಗುವವರೆಗೆ ಯಾರೂ ತಟ್ಟೆ ಚಾಚಬಾರದು. ಹಸಿ ಕೋಳಿಗೆ ಮುಟ್ಟಿಸಿದ ಬ್ರಷ್ಷನ್ನು ಸಾಸಿನ ಬಟ್ಟಲಿಗೆ ಅದ್ದಬೇಡಿ.

ಪನೀರ್, ಜೋಳಕ್ಕೆ ಬೇರೆ ಜಾಲರಿ ಇದೆ. ಎಷ್ಟು ಜನ ಬರುತ್ತೀರಿ ಎಂದು ಶನಿವಾರ ಮಧ್ಯಾಹ್ನದೊಳಗೆ ತಿಳಿಸಿ.