ಎಥಿಕ್ಸ್ ಪರೀಕ್ಷೆಯ ಉತ್ತರ ವಾಟ್ಸಾಪಲ್ಲೇ ಬಂದಿತ್ತು

ಸಂಪಾದಕರಿಗೆ ನಮಸ್ಕಾರ,

ದೊಡ್ಡ ಔಷಧಿ ಕಂಪೆನಿಗಳಲ್ಲಿ ನೈತಿಕತೆ ಬೆಳೆಸೋದು ಹೇಗೆ ಅಂತ ಈಚೆಗೆ ನಿಮ್ಮ ಪೇಪರಲ್ಲಿ ಬಂದ ಲೇಖನ ಅಂಗಡಿಯಲ್ಲಿ ಕೂತೇ ಓದಿದೆ. ಟ್ರೈನಿಂಗ್ ಬೇಕು, ಕೋಡ್ (ನಡವಳಿಕೆ ನಿಯಮ) ಬೇಕು, ಎಲ್ರ ಹತ್ರ ಸಹಿ ಹಾಕಿಸ್ಬೇಕು ಅಂತೆಲ್ಲ ಉಂಟು ಅದ್ರಲ್ಲಿ, ಟಾರ್ಗೆಟ್, ಅಂದ್ರೆ ತಿಂಗಳಿಗೆ ಇಷ್ಟು ಮಾರಲೇಬೇಕು ಅನ್ನೋ ಲೆಕ್ಕ, ಆ ಶಬ್ದ ಮಾತ್ರ ಒಂದ್ಸಲವೂ ಇಲ್ಲ. ನಾನು ಹನ್ನೊಂದು ವರ್ಷ ಮೆಡಿಕಲ್ ರೆಪ್ ಆಗಿ, ಅಂದ್ರೆ ಡಾಕ್ಟ್ರ ಹತ್ರ ಕಂಪೆನಿ ಮದ್ದಿನ ಪ್ರಚಾರ ಮಾಡೋ ಕೆಲಸಕ್ಕೆ, ಬ್ಯಾಗ್ ಹಾಕ್ಕೊಂಡು ಬೈಕಲ್ಲಿ ತಲಪಾಡಿಯಿಂದ ಮುಳ್ಳೇರಿಯದವರೆಗೆ ತಿರುಗಿದವ, ಈಗ ಬದಿಯಡ್ಕದಲ್ಲಿ ಸಣ್ಣ ಮೆಡಿಕಲ್ ಶಾಪ್ ಉಂಟು, ಹಾಗಾಗಿ ಕೌಂಟರಿನ ಎರಡೂ ಬದಿ ನಂಗೊತ್ತು.

ನಮ್ಮ ಕಂಪೆನಿಯಲ್ಲೂ ಎಥಿಕ್ಸ್ ಟ್ರೈನಿಂಗ್ ಇತ್ತು ಸ್ವಾಮಿ. ವರ್ಷಕ್ಕೊಮ್ಮೆ ಮೊಬೈಲಲ್ಲಿ ವಿಡಿಯೋ ನೋಡ್ಬೇಕು, ಕೊನೆಗೆ ಇಪ್ಪತ್ತು ಪ್ರಶ್ನೆ. ವಿಡಿಯೋ ಮುಗಿಯೋ ಮುಂಚೆನೇ ಏರಿಯಾ ಮ್ಯಾನೇಜರ್ ಇಪ್ಪತ್ತಕ್ಕೂ ಉತ್ತರ ಗ್ರೂಪಿಗೆ ಹಾಕಿದ್ರು, ಅದರ ಕೆಳಗೇ ಇನ್ನೊಂದು ಮೆಸೇಜ್, "ಬೇಗ ಮುಗಿಸಿ, ತಿಂಗಳ ಕ್ಲೋಸಿಂಗಿಗೆ ಮೂರೇ ದಿನ". ಅವ್ರನ್ನ ಬೈಯ್ಲಿಕ್ಕೆ ಮನಸ್ಸಾಗೋದಿಲ್ಲ, ಅವ್ರ ಮೇಲೆ ಇನ್ನೊಬ್ಬ ಇದ್ದ, ಅವನ ಮೇಲೆ ಮತ್ತೊಬ್ಬ. ತಿಂಗಳ ಕೊನೆಗೆ ಟಾರ್ಗೆಟಿಗೆ ನಲ್ವತ್ತು ಸಾವಿರ ರೂಪಾಯಿ ಶಾರ್ಟ್ ಅಂತಾದ್ರೆ ಸ್ಟಾಕಿಸ್ಟ್ (ಹೋಲ್‌ಸೇಲ್ ವ್ಯಾಪಾರಿ) ಕೈಕಾಲು ಹಿಡಿದು ಅವ್ರಿಗೆ ಬೇಡದ ಮಾಲನ್ನೂ ಅಲ್ಲಿ ಡಂಪ್ ಮಾಡೋದು, ಇಲ್ಲದಿದ್ರೆ ಡಾಕ್ಟ್ರ ಹತ್ರ ಹೋಗಿ "ಸಾರ್, ಈ ಸಲ ಏನಾದ್ರೂ ಮಾಡಿ" ಅಂತ ಹಲ್ಲು ಗಿಂಜೋದು. ಆ "ಏನಾದ್ರೂ"ಗೆ ಬದಲಿಗೆ ಏನು ಕೊಡ್ಬೇಕು ಅಂತ ವಿಡಿಯೋದಲ್ಲಿ ಇರ್ಲಿಲ್ಲ, ಫೋನಲ್ಲಿ ಹೇಳ್ತಿದ್ರು. ಸಿಕ್ಕಿಬಿದ್ರೆ ರೆಪ್ ಹುಡುಗನ ಕೆಲಸ ಹೋಗ್ತದೆ, ಕೋಡಿಗೆ ಸಹಿ ಹಾಕಿದವ ಅವನೇ ಅಲ್ವಾ.

ಈ ಟಾರ್ಗೆಟ್ ಒತ್ತಡವೇ ಮೂಲ ಅಂತ ಅರ್ಥ ಆದ ಕಂಪೆನಿ ಇಲ್ಲವೇ ಇಲ್ಲ ಅಂತಲ್ಲ. ಗ್ಲಾಕ್ಸೊ ಸ್ಮಿತ್‌ಕ್ಲೈನ್ 2012ರಲ್ಲಿ ಅಮೆರಿಕದಲ್ಲಿ 300 ಕೋಟಿ ಡಾಲರ್ ಕಟ್ಟಿ ಮಾರ್ಕೆಟಿಂಗ್ ಅಕ್ರಮದ ಕೇಸ್ ಮುಗಿಸ್ತು, ಮರುವರ್ಷ ಚೀನಾದಲ್ಲಿ ಲಂಚದ ಕೇಸಿಗೆ ಸಿಕ್ಕಿಬಿತ್ತು, ಅದೇ 2013ರ ಡಿಸೆಂಬರಲ್ಲಿ ಇನ್ನು ಒಬ್ಬೊಬ್ಬ ರೆಪ್‌ಗೆ ಬೇರೆ ಬೇರೆ ಸೇಲ್ಸ್ ಟಾರ್ಗೆಟ್ ಇಲ್ಲ, ಕಂಪೆನಿ ಪರ ಭಾಷಣ ಮಾಡ್ಲಿಕ್ಕೆ ಡಾಕ್ಟರಿಗೆ ದುಡ್ಡೂ ಇಲ್ಲ ಅಂತ ಹೇಳ್ತು. ಪೆಟ್ಟು ತಿಂದ ಮೇಲೆ ಬಂದ ಬುದ್ಧಿ, ಆದ್ರೂ ಕೈ ಹಾಕಿದ್ದು ಸರಿಯಾದ ಜಾಗಕ್ಕೇ. ಪೈಪೋಟಿ ತಡೀಲಿಕ್ಕಾಗದೆ 2018ರಲ್ಲಿ ಡಾಕ್ಟರಿಗೆ ದುಡ್ಡು ಕೊಡೋ ವಿಷಯ ಸಡಿಲ ಮಾಡಿದ್ರು, ಅದು ಬೇರೆ ಮಾತು. ಒಬ್ನೇ ಸಾಚಾ ಆಗಿದ್ರೆ ಪಕ್ಕದವ ಬಂದು ಪ್ರಿಸ್ಕ್ರಿಪ್ಷನ್ ಎತ್ಕೊಂಡು ಹೋಗ್ತಾನೆ, ಅದೂ ನಾನು ಕಣ್ಣಾರೆ ಕಂಡದ್ದೇ.

ನಮ್ಮ ದೇಶದಲ್ಲಿ 2024ರ ಮಾರ್ಚಲ್ಲಿ ಔಷಧಿ ಕಂಪೆನಿಗಳಿಗೆ ಹೊಸ ಮಾರ್ಕೆಟಿಂಗ್ ಕೋಡ್ ಬಂತು. ಡಾಕ್ಟರಿಗಾಗ್ಲಿ ಮನೆಯವ್ರಿಗಾಗ್ಲಿ ಗಿಫ್ಟ್ ಇಲ್ಲ, ಫಾರಿನ್ ಟೂರ್ ಇಲ್ಲ, ಬ್ರ್ಯಾಂಡ್ ನೆನಪಿಗೆ ಕೊಡೋ ಡೈರಿ ಕ್ಯಾಲೆಂಡರ್ ಒಂದೊಂದೂ 1,000 ರೂಪಾಯಿ ದಾಟ್ಬಾರ್ದು, ಕೋಡ್ ಪಾಲಿಸಿದ್ದೇವೆ ಅಂತ ವರ್ಷಕ್ಕೊಮ್ಮೆ ಕಂಪೆನಿಯ ಮುಖ್ಯಸ್ಥರೇ ಬರೆದು ಕೊಡ್ಬೇಕು. ಆ ಕೊನೇದು ನಂಗೆ ಇಷ್ಟ ಆಯ್ತು, ಸಹಿ ಕಡೆಗೂ ಮೇಲಿನವ್ರ ಹತ್ರ ಹೋಯ್ತಲ್ಲ ಅಂತ. ಅದೇ ವರ್ಷ ಆಬ್‌ವೀ ಕಂಪೆನಿ 30 ಡಾಕ್ಟರ್‌ಗಳನ್ನ ಪ್ಯಾರಿಸ್, ಮೊನಾಕೊ ಅಂತ ಕರ್ಕೊಂಡು ಹೋದದ್ದು ಬಯಲಾಗಿ ಸರ್ಕಾರ ಛೀಮಾರಿ ಹಾಕ್ತು. ಆದ್ರೆ ಕಂಪ್ಲೇಂಟ್ ವಿಚಾರಿಸೋ ಕಮಿಟಿ ಇರೋದು ಕಂಪೆನಿಗಳ ಸಂಘದ ಒಳಗೇ ಮಾರಾಯ್ರೆ, ಸಂಘದ ಕೈಯಲ್ಲಿರೋ ಕಟ್ಟಕಡೆಯ ಶಿಕ್ಷೆ ಅಂದ್ರೆ ಹೊರಗೆ ಹಾಕೋದು. ನಾನು ರೆಪ್ ಆಗಿದ್ದಾಗ ಯಾವ ಸಂಘದಲ್ಲಿ ನಮ್ಮ ಕಂಪೆನಿ ಉಂಟು ಅಂತಲೇ ನಂಗೆ ಗೊತ್ತಿರ್ಲಿಲ್ಲ.

ಒಳಗಿನವ ಬಾಯಿ ಬಿಟ್ರೆ ಏನಾಗ್ತದೆ ಅಂತ ನಮ್ಮದೇ ದೇಶದ ಔಷಧಿ ಕಂಪೆನಿ ರ‍್ಯಾನ್‌ಬ್ಯಾಕ್ಸಿ ನೋಡಿದ್ರೆ ಸಾಕು. ಮದ್ದಿನ ಟೆಸ್ಟ್ ಡೇಟಾ ಸುಳ್ಳು ಅಂತ ಅಲ್ಲೇ ಕೆಲಸಕ್ಕಿದ್ದ ದಿನೇಶ್ ಠಾಕೂರ್ ಕಂಡುಹಿಡಿದು 2005ರಲ್ಲಿ ಕೆಲಸ ಬಿಟ್ರು, ಆಮೇಲೆ ಅಮೆರಿಕದ ಮದ್ದು ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ತಿಳಿಸಿದ್ರು, ಕಂಪೆನಿ ತಪ್ಪೊಪ್ಪಿ 50 ಕೋಟಿ ಡಾಲರ್ ಕಟ್ಟಿದ್ದು 2013ರಲ್ಲಿ. ಎಂಟು ವರ್ಷ ಕಾಯ್ಲಿಕ್ಕೆ ಮನೆ ಲೋನ್ ಇರೋ ಯಾವ ರೆಪ್‌ಗಾಗ್ತದೆ?

ನಮ್ಮ ಕಾಸರಗೋಡು ಜಿಲ್ಲೆಯವ್ರಿಗೆ "ಏನೂ ತೊಂದ್ರೆ ಇಲ್ಲ" ಅನ್ನೋ ಮಾತು ಕೇಳಿದ್ರೇ ಮೈ ಉರೀತದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಅನ್ನೋ ಕೀಟನಾಶಕ 2000ದವರೆಗೆ ಸುರಿದದ್ದೂ ಹಾಗೆ ಹೇಳ್ಕೊಂಡೇ, ಎಣ್ಮಕಜೆ ಕಡೆ ಹೋದ್ರೆ ಹಾಸಿಗೆಯಲ್ಲೇ ಇರೋ ಮಕ್ಕಳು ಈಗ್ಲೂ ಇದ್ದಾರೆ. ಅದು ಮದ್ದಿನ ಕಂಪೆನಿ ವಿಷಯ ಅಲ್ಲ ಗೊತ್ತುಂಟು, ಬರೀದೆ ಇರ್ಲಿಕ್ಕೆ ಆಗ್ಲಿಲ್ಲ.

ಈಗ ಅಂಗಡಿಯಲ್ಲಿ ನಾನು ದಿನಾ ಕಾಣೋದು ಮಂಗಳೂರಿನ ಚೀಟಿ. ಅಲ್ಲಿ ತೋರಿಸಿ ಬರ್ತಾರೆ, ಚೀಟಿಯಲ್ಲಿರೋ ಬ್ರ್ಯಾಂಡ್ ಇಲ್ಲಿ ಯಾವ ಸ್ಟಾಕಿಸ್ಟ್ ಹತ್ರವೂ ಇಲ್ಲ, ಅದೇ ಮದ್ದು ಬೇರೆ ಹೆಸರಲ್ಲಿ ಕಡಿಮೆಗೆ ಉಂಟು ಅಂದ್ರೆ "ಬೇಡ ಅಣ್ಣ, ಡಾಕ್ಟ್ರು ಇದೇ ಆಗ್ಬೇಕು ಹೇಳಿದ್ದಾರೆ" ಅಂತ ಒಬ್ರು ಅಮ್ಮ ಮತ್ತೆ ಬಸ್ಸು ಹತ್ತಿದ್ರು, ಬಸ್ಸಿನ ದುಡ್ಡು ತೆಗೆದಿಟ್ಟು ಉಳಿದದ್ದಕ್ಕೆ ಅರ್ಧ ಸ್ಟ್ರಿಪ್ ತಗೊಳ್ತೇನೆ ಅಂತ. ಗಿಫ್ಟಿನ ಖರ್ಚಿಗೆ ಕಂಪೆನಿಗೆ ಟ್ಯಾಕ್ಸ್ ರಿಯಾಯಿತಿ ಇಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ, ಆ ಅಮ್ಮನಿಗೆ ಯಾವ ರಿಯಾಯಿತಿಯೂ ಇಲ್ಲ.

ಲೇಖನ ಬರೆದವ್ರು ಮಾರ್ಚ್ 29ಕ್ಕೆ ಒಮ್ಮೆ ನಮ್ಮ ಅಂಗಡಿಗೆ ಬರ್ಲಿ. ವರ್ಷದ ಕ್ಲೋಸಿಂಗ್ ಹೊತ್ತು, ರೆಪ್ ಹುಡುಗರು ಬೆಂಚಲ್ಲಿ ಕೂತಿರ್ತಾರೆ, ಮ್ಯಾನೇಜರ್ ಫೋನ್ ಎಷ್ಟು ಸಲ ಬರ್ತದೆ ಅಂತ ಲೆಕ್ಕ ಹಾಕ್ಲಿ. ಚಾ ನನ್ನದು.

ಇತಿ,
ಒಬ್ಬ ಹಳೇ ರೆಪ್, ಬದಿಯಡ್ಕ