ಚರಂಡಿ ಮುಚ್ಚಿದ್ದ ಒಂದು ಕಲ್ಲಿನ ಬಗ್ಗೆ ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ತಮ್ಮ ಕ್ಷೇತ್ರದ ಮತದಾರ. ವಯಸ್ಸು 71. ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿ ಸೇರಿ ಅಲ್ಲೇ ರಿಟೈರ್ ಆದವನು. ತಮಗೆ ಇದು ನನ್ನ ಆರನೇ ಪತ್ರ. ಮೊದಲ ಐದನ್ನೂ ತಮ್ಮ ಆಫೀಸಿಗೆ ಬಂದು ಕೊಟ್ಟು, ನಕಲಿನ ಮೇಲೆ ಸೀಲ್ ಹಾಕಿಸಿಕೊಂಡು ಹೋಗಿದ್ದೇನೆ. ಐದಕ್ಕೂ ಉತ್ತರವಿಲ್ಲ. ಆರನೆಯದನ್ನು ಊರಿಗೆಲ್ಲ ಕಾಣುವ ಹಾಗೆ ಬರೆದು ನೋಡೋಣ ಅಂತ ಕೂತಿದ್ದೇನೆ.

ಕೇಳುವುದು ಒಂದೇ. ನಮ್ಮ ಬಡಾವಣೆಯ ಪಾರ್ಕ್‌ನಲ್ಲಿದ್ದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಹೆಸರಿನ ಕಲ್ಲನ್ನು ಮೊದಲಿದ್ದ ಜಾಗದಲ್ಲೇ ನಿಲ್ಲಿಸಿಕೊಡಿ. ಸೆಪ್ಟೆಂಬರ್ 7ರ ಒಳಗೆ.

ದೇವಯ್ಯ ಯಾರು ಅಂತ ತಮಗೆ ನಾನು ಹೇಳಬೇಕಾಗಿಲ್ಲ. ಆದರೆ ತಮ್ಮ ಆಫೀಸಿನಲ್ಲಿ ಪತ್ರ ತೆಗೆದುಕೊಂಡ ಹುಡುಗ ಓದಿ ನೋಡಿ, "ಇವ್ರು ಯಾವ ಪಾರ್ಟಿ ಲೀಡರ್ ಸಾರ್?" ಅಂತ ಕೇಳಿದ. ತಮಾಷೆಗಲ್ಲ, ನಿಜವಾಗಿ ಕೇಳಿದ. ಅವನಿಗೋಸ್ಕರ ಸ್ವಲ್ಪ ಬರೆಯುತ್ತೇನೆ. ತಾವು ಬೇಕಾದರೆ ಮುಂದಕ್ಕೆ ಹಾರಿ.

ಕೊಡಗಿನವರು. ಹುಟ್ಟಿದ್ದು 1932ರ ಡಿಸೆಂಬರ್‌ನಲ್ಲಿ. ತಂದೆ ಡಾಕ್ಟರ್. 1954ರಲ್ಲಿ ವಾಯುಪಡೆ ಸೇರಿದರು. 1965ರ ಯುದ್ಧ ಶುರುವಾಗುವ ಹೊತ್ತಿಗೆ ಹೊಸ ಹುಡುಗರಿಗೆ ವಿಮಾನ ಹಾರಿಸುವುದನ್ನು ಕಲಿಸುವ ಮೇಷ್ಟ್ರಾಗಿದ್ದರು. ಅಲ್ಲಿಂದ ಕರೆಸಿ 1ನೇ ಸ್ಕ್ವಾಡ್ರನ್‌ಗೆ ಹಾಕಿದರು. ಸೆಪ್ಟೆಂಬರ್ 7ರ ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ ಹೊರಟು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಬೇಕು. ಹೋಗಬೇಕಾದ ಮಿಸ್ಟೇರ್ ವಿಮಾನ ಹನ್ನೆರಡು. ಆ ಹನ್ನೆರಡರ ಪಟ್ಟಿಯಲ್ಲಿ ದೇವಯ್ಯ ಅವರ ಹೆಸರಿರಲಿಲ್ಲ. ಯಾವುದಾದರೂ ವಿಮಾನ ಕೈಕೊಟ್ಟರೆ ಇರಲಿ ಅಂತ ಇಟ್ಟಿದ್ದ ಸ್ಟ್ಯಾಂಡ್‌ಬೈ ಅವರು. ಒಂದು ಕೈಕೊಟ್ಟಿತು. ಇವರು ಹಿಂದಿನಿಂದ ಹೊರಟು ಸೇರಿಕೊಂಡರು.

ವಾಪಸ್ ಬರುವ ದಾರಿಯಲ್ಲಿ ಅವರನ್ನು ಹಿಡಿದದ್ದು ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ. ನಾನು ಪೈಲಟ್ ಅಲ್ಲ, ಆದರೆ ವಿಮಾನದ ಮೈ ಮುಟ್ಟಿ ಬದುಕಿದವನು, ಹಾಗಾಗಿ ಇದನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಮಿಸ್ಟೇರ್ ಫ್ರಾನ್ಸಿನದು. ನೇರ ಹಾರಾಟದಲ್ಲಿ ಶಬ್ದದ ವೇಗ ದಾಟುವುದಿಲ್ಲ. ಸ್ಟಾರ್‌ಫೈಟರ್ ಅಮೆರಿಕದ್ದು, ಶಬ್ದದ ಎರಡರಷ್ಟು ವೇಗ. ಲೂನಾದಲ್ಲಿ ಮನೆಗೆ ಹೊರಟವನನ್ನು ಯೆಜ್ಡಿಯವನು ಅಟ್ಟಿಸಿಕೊಂಡು ಬಂದ ಹಾಗೆ. ಏಟು ಮೊದಲು ಬಿದ್ದದ್ದು ದೇವಯ್ಯ ಅವರ ವಿಮಾನಕ್ಕೇ. ಅಷ್ಟಕ್ಕೇ ಮುಗಿಯಿತು ಅಂದುಕೊಂಡರೆ, ಇವರು ಬಿಡಲಿಲ್ಲ. ತಿರುಗಿ ನಿಂತರು. ಸ್ಟಾರ್‌ಫೈಟರ್‌ಗೆ ಇರುವುದು ಗೇಣುದ್ದದ ರೆಕ್ಕೆ. ನೇರ ಓಡುವಾಗ ಅದೇ ಅದರ ಬಲ, ಸುತ್ತು ಹಾಕಿ ಹೊಡೆದಾಡುವಾಗ ಅದೇ ಅದರ ದೋಷ. ಏಟು ತಿಂದ ವಿಮಾನದಲ್ಲೇ ಇವರು ಅದನ್ನು ಹೊಡೆದು ಉರುಳಿಸಿದರು. ಆ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ದೇವಯ್ಯ ಬರಲಿಲ್ಲ. ವಯಸ್ಸು ಮೂವತ್ತೆರಡು.

ಇದನ್ನೆಲ್ಲ ನಮ್ಮ ಕಡೆಯವರು ಯಾರೂ ನೋಡಿರಲಿಲ್ಲ. ಹಾಗಾಗಿ 'ಕಾಣೆ' ಅಂತ ಬರೆದರು. 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರು ಆ ಯುದ್ಧದಲ್ಲಿ ಪಾಕಿಸ್ತಾನದ ವಾಯುಪಡೆಯ ಬಗ್ಗೆ ಬರೆದ ಪುಸ್ತಕದಲ್ಲಿ, ಸ್ಟಾರ್‌ಫೈಟರ್ ಬಿದ್ದದ್ದು ಒಂದು ಮಿಸ್ಟೇರ್‌ನಿಂದ ಅನ್ನುವುದು ಗೊತ್ತಾಯಿತು. ಅಂದರೆ ನಮ್ಮವರ ಸಾಹಸವನ್ನು ನಮಗೆ ಹೇಳಿದ್ದು ಆ ಕಡೆಯವರ ಲೆಕ್ಕದ ಪುಸ್ತಕ. ಅಂದು ದಾಳಿಗೆ ನಾಯಕರಾಗಿದ್ದ ವಿಂಗ್ ಕಮಾಂಡರ್ ತನೇಜಾ ಅದನ್ನು ಹಿಡಿದು ಸರ್ಕಾರಕ್ಕೆ ಬರೆದರು. 1988ರಲ್ಲಿ ಮಹಾವೀರ ಚಕ್ರ ಬಂತು. ದೇವಯ್ಯ ಅವರ ಹೆಂಡತಿ ಹೋಗಿ ತೆಗೆದುಕೊಂಡರು. ಸತ್ತು 23 ವರ್ಷ ಆದ ಮೇಲೆ.

ನಾನು ಪೇಪರ್‌ನಲ್ಲಿ ಈ ಸುದ್ದಿ ಓದಿದ್ದು ಹ್ಯಾಂಗರ್ ಹೊರಗೆ, ಟೀ ಹೊತ್ತಿನಲ್ಲಿ. 1965ರಲ್ಲಿ ನನಗೆ ಹನ್ನೊಂದು. ಸ್ಕೂಲಿನಲ್ಲಿ ರಕ್ಷಣಾ ನಿಧಿಗೆ ಅಂತ ನಾಲ್ಕಾಣೆ ಕೊಟ್ಟಿದ್ದೆ. ಅದು ಬಿಟ್ಟರೆ ಆ ಯುದ್ಧ ಅಂದರೆ ನನಗೆ ನ್ಯಾಟ್ ಅನ್ನುವ ಪುಟ್ಟ ಯುದ್ಧವಿಮಾನ. ನಾನು ಕೆಲಸಕ್ಕೆ ಸೇರಿದಾಗ ಇನ್ನೂ ಇಲ್ಲಿ ಬೆಂಗಳೂರಿನಲ್ಲೇ ಕಟ್ಟುತ್ತಿದ್ದರು ನ್ಯಾಟ್‌ಗಳನ್ನು. 1971ರ ಡಿಸೆಂಬರ್ 14ರಂದು ಶ್ರೀನಗರಕ್ಕೆ ಪಾಕಿಸ್ತಾನದ ಆರು ಸೇಬರ್ ವಿಮಾನ ಬಂದಾಗ, ರನ್‌ವೇ ಮೇಲೆ ಬಾಂಬ್ ಬೀಳುತ್ತಿರುವಾಗಲೇ ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಎತ್ತಿಕೊಂಡು ಹೋದದ್ದು ನ್ಯಾಟ್. ವಾಯುಪಡೆಗೆ ಬಂದ ಒಂದೇ ಒಂದು ಪರಮವೀರ ಚಕ್ರ ಅವರದು. ಅವರೂ ವಾಪಸ್ ಬರಲಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ರಿವಿಟ್ ಹೊಡೆಯುವಾಗ, "ಒಳಗೆ ಒಬ್ಬ ಹುಡುಗ ಕೂತಿರ್ತಾನೆ, ನೆನಪಿರಲಿ" ಅನ್ನುತ್ತಿದ್ದರು. ಬೇರೆ ಭಾಷಣ ಯಾವುದೂ ಮಾಡುತ್ತಿರಲಿಲ್ಲ.

ವಿಷಯಕ್ಕೆ ಬರುತ್ತೇನೆ. 2015ರಲ್ಲಿ ಯುದ್ಧಕ್ಕೆ 50 ವರ್ಷ ಆಯಿತು. ಮನೆಗೆ 200 ರೂಪಾಯಿಯಂತೆ ಎತ್ತಿ ಸಾದರಹಳ್ಳಿ ಕಲ್ಲು ತರಿಸಿದೆವು. ಮೂರಡಿ ಎತ್ತರ, ಎರಡಡಿ ಅಗಲ, ನಾಲ್ಕು ಇಂಚು ದಪ್ಪ. ಹೆಸರು, ಹುಟ್ಟಿದ ವರ್ಷ, ಸೆಪ್ಟೆಂಬರ್ 7, ಕೆಳಗೆ ಒಂದು ಪುಟ್ಟ ವಿಮಾನ. ಕಲ್ಲು ಕೆತ್ತುವವರು ವಿಮಾನವನ್ನು ಮೊದಲು ಏರ್‌ಬಸ್ ಥರ ಕೆತ್ತಲು ಹೊರಟಿದ್ದರು, ನಾನೇ ಕೂತು ಬರೆದುಕೊಟ್ಟೆ. ಆಗ ಅನುಮತಿ ಕೊಟ್ಟ ಕಾಗದ ನನ್ನ ಹತ್ತಿರ ಇದೆ. ಪ್ರತಿ ಸೆಪ್ಟೆಂಬರ್ 7ಕ್ಕೆ ಒಂದು ಚೆಂಡು ಹೂವಿನ ಹಾರ, ಮಕ್ಕಳ ಹಾಡು, ಎಲ್ಲರಿಗೂ ಚೌಚೌ ಬಾತ್. ಅಷ್ಟೇ. ಯಾರಿಗೂ ತೊಂದರೆ ಇರಲಿಲ್ಲ.

ಮೂರು ವರ್ಷದ ಹಿಂದೆ ಪಾರ್ಕ್ ಅಭಿವೃದ್ಧಿ ಆಯಿತು. ಓಪನ್ ಜಿಮ್ ಬಂತು, ಬೇಡ ಅನ್ನೋದಿಲ್ಲ. ಸೆಲ್ಫಿಗೆ ಅಂತ ಕೆಂಪು ಹೃದಯ ಬಂತು. ಗೇಟಿನ ಪಕ್ಕ ತಮ್ಮ ಹೆಸರಿನ ಕರಿ ಗ್ರಾನೈಟ್ ಕಲ್ಲು ಬಂತು, ಪಾಲಿಶ್ ಹಾಕಿದ್ದು, ಮುಖ ಕಾಣುವಷ್ಟು ಹೊಳೆಯುತ್ತದೆ. ದೇವಯ್ಯ ಅವರ ಕಲ್ಲು ಹೋಯಿತು. ಕಂಟ್ರಾಕ್ಟರ್ ಕಡೆಯವರನ್ನು ಕೇಳಿದರೆ "ಗೋಡೌನ್‌ನಲ್ಲಿ ಭದ್ರವಾಗಿದೆ" ಅಂದರು.

ಅಲ್ಲಿಂದ ಶುರುವಾಯಿತು ನನ್ನ ಯಾತ್ರೆ. ಒಂದು ಕಚೇರಿಯಲ್ಲಿ ಪಾರ್ಕ್ ನಮ್ಮದು, ಕಲ್ಲು ನಮ್ಮದಲ್ಲ ಅಂದರು. ಇನ್ನೊಂದರಲ್ಲಿ ಕಲ್ಲು ಸಿವಿಲ್ ಕೆಲಸ, ಆದರೆ ಪಾರ್ಕ್ ನಮಗೆ ಬರಲ್ಲ ಅಂದರು. ಮೂರನೆಯದು ಮೂರನೇ ಮಹಡಿ. ಲಿಫ್ಟ್ ಕೆಟ್ಟು ಎಷ್ಟು ದಿನವಾಗಿದೆ ಅಂದರೆ, ಅದರ ಮುಂದೆ ಫೈಲ್ ಕಟ್ಟು ಜೋಡಿಸಿದ್ದಾರೆ. ನನ್ನ ಎರಡು ಮಂಡಿಯೂ ಸವೆದಿವೆ. ಒಂದೊಂದು ಮಹಡಿಗೆ ಒಂದು ಸಲ ಕೂತು ಹತ್ತಬೇಕು. ಹತ್ತಿ ಹೋದರೆ ಸಾಹೇಬರು ಮೀಟಿಂಗ್‌ನಲ್ಲಿ. ಹೀಗೆ ಹನ್ನೊಂದು ಸಲ. ಆಟೋದವರು ಮೀಟರ್ ಹಾಕೋದಿಲ್ಲ ಅನ್ನುವುದು ಬೇರೆ ಪತ್ರಕ್ಕೆ ಇರಲಿ. ಒಂದು ದಿನ ಗುಮಾಸ್ತರೊಬ್ಬರು ಕೇಳಿದರು:

"ಅವ್ರು ನಿಮಗೇನಾಗ್ಬೇಕು?"

"ಏನೂ ಆಗ್ಬೇಕಾಗಿಲ್ಲ."

"ಮತ್ತೆ ನೀವ್ಯಾಕೆ ಓಡಾಡ್ತಿದ್ದೀರ? ಅವ್ರ ಮನೆಯವ್ರನ್ನ ಕಳಿಸಿ. ಡೆತ್ ಸರ್ಟಿಫಿಕೇಟ್ ತರೋಕೆ ಹೇಳಿ."

ಡೆತ್ ಸರ್ಟಿಫಿಕೇಟ್! ಆ ಮನುಷ್ಯ ಬಿದ್ದದ್ದು ಗಡಿಯಾಚೆ ಮಣ್ಣಿನಲ್ಲಿ. ಯಾವ ವಾರ್ಡಿನಲ್ಲಿ ಕೇಳಲಿ? ನಾನು ಮಾತಾಡಲಿಲ್ಲ. ಮೆಟ್ಟಿಲಿಳಿದು ಬಂದು ಟೀ ಕುಡಿದೆ. ಕೈ ನಡುಗುತ್ತಿತ್ತು. ಬಿಪಿ ಇರಬಹುದು.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 30 ದಿನದಲ್ಲಿ ಉತ್ತರ ಕೊಡಬೇಕು ಅಂತ ತಮಗೆ ಗೊತ್ತೇ ಇದೆ. ಮೂರು ತಿಂಗಳಾದ ಮೇಲೆ ಒಂದು ಸಾಲು ಬಂತು: "ಸದರಿ ಕಡತವು ಲಭ್ಯವಿರುವುದಿಲ್ಲ." ಈ ಮಧ್ಯೆ ಕಚೇರಿಗಳ ಬೋರ್ಡೇ ಬದಲಾದವು. ಕಾರ್ಪೊರೇಟರ್ ಹತ್ತಿರ ಹೋಗೋಣ ಅಂದರೆ ಅವರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಉಳಿದವರು ತಾವೊಬ್ಬರೇ.

ಈಗ ಚರಂಡಿ ವಿಷಯ.

ಹೋದ ವರ್ಷ ಸೆಪ್ಟೆಂಬರ್ 7. ಕಲ್ಲಿಲ್ಲದಿದ್ದರೂ ಅಭ್ಯಾಸ ಬಿಡಲಾಗದೆ ಹಾರ ತಗೊಂಡು ಹೋದೆ. ಕಲ್ಲಿದ್ದ ಜಾಗದ ಪಕ್ಕದ ಬೇವಿನ ಮರಕ್ಕೆ ಹಾಕಿ ಬಂದೆ. ಜೊತೆಗೆ ಮೊಮ್ಮಗಳಿದ್ದಳು, ಆರು ವರ್ಷ. ಪಾರ್ಕ್ ಹಿಂದಿನ ರಸ್ತೆಯಲ್ಲಿ ಬರುವಾಗ ಅವಳ ಚೆಂಡು ಚರಂಡಿಗೆ ಬಿತ್ತು. ಹಿಂದಿನ ರಾತ್ರಿ ಮಳೆ, ನೀರು ಹರಿಯುತ್ತಿತ್ತು. ಚೆಂಡು ಒಂದು ಚಪ್ಪಡಿಯ ಅಡಿಗೆ ಹೋಗಿ ಸಿಕ್ಕಿಕೊಂಡಿತು. ಮಗು ಬಗ್ಗಿ ಒಳಗೆ ಇಣುಕಿತು. ಆಮೇಲೆ, "ತಾತ, ಈ ಕಲ್ಲಿನ ಹೊಟ್ಟೇಲಿ ಅಕ್ಷರ ಇದೆ" ಅಂತು.

ನನಗೆ ಬಗ್ಗಲು ಆಗುವುದಿಲ್ಲ. ರಸ್ತೆಯಲ್ಲೇ ಕೂತು, ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ತಲೆಕೆಳಗಾಗಿ, ಪಾಚಿ ಹಿಡಿದು, ಪುಟ್ಟ ವಿಮಾನ.

ಗೋಡೌನ್‌ನಲ್ಲಿ ಭದ್ರವಾಗಿತ್ತಂತೆ. ಎರಡು ವರ್ಷ ಆ ಕಲ್ಲಿನ ಮೇಲೆ ಕಸದ ಆಟೋ ನಿಂತಿದೆ. ಸ್ಕೂಟರ್‌ಗಳು ಹತ್ತಿ ಇಳಿದಿವೆ. ನಾನೂ ದಿನಾ ಹಾಲಿಗೆ ಹೋಗುವಾಗ ಅದರ ಮೇಲೇ ಕಾಲಿಟ್ಟು ದಾಟಿದ್ದೇನೆ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ ಸ್ವಾಮಿ. ಆ ಕಲ್ಲು ನಾವು ದುಡ್ಡು ಹಾಕಿ ತಂದದ್ದು ಅನ್ನುವುದಕ್ಕಲ್ಲ. ಹನ್ನೆರಡು ಜನರ ಪಟ್ಟಿಯಲ್ಲಿಲ್ಲದೆ ಹೋದವರು, 23 ವರ್ಷ ಯಾರ ಲೆಕ್ಕಕ್ಕೂ ಸಿಗದೆ ಹೋದವರು, ಕೊನೆಗೆ ನಮ್ಮ ಬೀದಿಯಲ್ಲೂ ಮುಖ ಕೆಳಗಾಗಿ ಬಿದ್ದಿರಬೇಕಾ?

ಬೀದಿಯ ನಾಲ್ಕು ಹುಡುಗರನ್ನು ಕರೆದು ಎತ್ತಿಸಿದೆ. ಚರಂಡಿ ಬಾಯಿ ತೆರೆದು ಬಿಟ್ಟರೆ ಯಾರಾದರೂ ಬಿದ್ದಾರು ಅಂತ ಬೇರೆ ಚಪ್ಪಡಿ ನಾನೇ ತಂದು ಹಾಕಿಸಿದೆ. ನಾಲ್ಕು ದಿನ ಬಿಟ್ಟು ಇಂಜಿನಿಯರ್ ಒಬ್ಬರು ಮನೆಗೆ ಬಂದರು. ಕ್ಷಮೆ ಕೇಳಲು ಬಂದರು ಅಂದುಕೊಂಡು ನನ್ನ ಹೆಂಡತಿ ಕಾಫಿ ಇಟ್ಟಳು. "ಸಾರ್, ಸ್ಲ್ಯಾಬ್ ಯಾಕೆ ತೆಗೆದ್ರಿ? ಅದು ಪಬ್ಲಿಕ್ ಪ್ರಾಪರ್ಟಿ. ಕಂಪ್ಲೇಂಟ್ ಆಗುತ್ತೆ" ಅಂದರು. ಕಲ್ಲು ತೋರಿಸಿದೆ. ಬಗ್ಗಿ ಓದಿದರು. ಸ್ವಲ್ಪ ಹೊತ್ತು ಸುಮ್ನಿದ್ದು, "ಕಲ್ಲು ಗಟ್ಟಿ ಇದೆ ಸಾರ್, ಅದಕ್ಕೇ ಹಾಕಿರ್ಬೇಕು" ಅಂದರು. ಕಾಫಿ ಕುಡಿದು ಹೋದರು.

ಶಾಸಕರೇ, ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ಏರ್ ಶೋ ಆದಾಗ ಪಾಸ್ ಹಿಡಿದು ಮುಂದಿನ ಸಾಲಿನಲ್ಲಿ ಕೂರುತ್ತೀರಿ. ಕೂರಿ, ಸಂತೋಷ. ಹೋದ ವರ್ಷ ಆಗಸ್ಟ್ 15ಕ್ಕೆ ಇದೇ ಪಾರ್ಕ್‌ಗೆ ಬಂದು ವೀರ ಯೋಧರು ಅಂತ ಮೂರು ಸಲ ಅಂದಿರಿ, ನಾನು ಎಣಿಸಿದೆ. ಆ ದಿನ ಅವರ ಕಲ್ಲು ನೀವು ನಿಂತ ಜಾಗದಿಂದ ಮೂವತ್ತು ಹೆಜ್ಜೆ ಆಚೆ ಚರಂಡಿ ಮೇಲಿತ್ತು. ನಿಮಗೆ ಗೊತ್ತಿರಲಿಲ್ಲ ಅನ್ನುತ್ತೀರಿ. ಐದು ಪತ್ರ ಕೊಟ್ಟಿದ್ದೆನಲ್ಲ ಸ್ವಾಮಿ? ಸೀಲ್ ಇದೆ.

ನಾನು ಪ್ರತಿಮೆ ಕೇಳುತ್ತಿಲ್ಲ. ಸರ್ಕಲ್ ಕೇಳುತ್ತಿಲ್ಲ, ಅದು ಮಡಿಕೇರಿಯಲ್ಲಿ ಅವರ ಹೆಸರಿನಲ್ಲಿ ಇದೆ. ಯಲಹಂಕದಲ್ಲಿ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರಿನ ರಸ್ತೆ ಇದೆ, ಹಾಗೆ ರಸ್ತೆಗೆ ಹೆಸರಿಡಿ ಅಂತಲೂ ಕೇಳುತ್ತಿಲ್ಲ. ಹೊಸ ಕಲ್ಲು ಬೇಡ. ಟೆಂಡರ್ ಬೇಡ. ದಯವಿಟ್ಟು ಅದರ ಮೇಲೆ ಯಾರ ಫೋಟೋವೂ ಬೇಡ. ಇದ್ದ ಕಲ್ಲು, ಇದ್ದ ಜಾಗ. ಅದಕ್ಕೆ ಒಂದು ಆದೇಶ. ಆ ಆದೇಶ ಯಾರು ಕೊಡಬೇಕು, ಯಾವ ನಿಯಮದಲ್ಲಿ ಕೊಡಬೇಕು ಅಂತ ನನಗಿಂತ ಚೆನ್ನಾಗಿ ನಿಮಗೆ ಗೊತ್ತು. ನಿಮ್ಮ ಕಲ್ಲು ನಿಲ್ಲಿಸಲು ಯಾವ ನಿಯಮ ಇತ್ತೋ ಅದನ್ನೇ ಬಳಸಿ, ಸಾಕು.

ಕಲ್ಲು ಈಗ ನಮ್ಮ ಮನೆಯ ಪೋರ್ಟಿಕೋದಲ್ಲಿದೆ, ಗೋಡೆಗೆ ಒರಗಿಸಿದ್ದೇನೆ. ಹಳೇ ಟೂತ್‌ಬ್ರಷ್‌ನಲ್ಲಿ ಪಾಚಿ ಉಜ್ಜಿ ತೆಗೆದಿದ್ದೇವೆ. 'ದೇ' ಅಕ್ಷರದ ಮೂಲೆ ಸ್ವಲ್ಪ ಹಾರಿದೆ. ಮೊಮ್ಮಗಳು ದಿನಾ ಸ್ಕೂಲಿಗೆ ಹೋಗುವಾಗ ಅದಕ್ಕೆ ಟಾಟಾ ಮಾಡುತ್ತಾಳೆ. ಸಾಗಿಸುವ ಗಾಡಿ ಬಾಡಿಗೆ ನಾನೇ ಕೊಡುತ್ತೇನೆ, ಸಿಮೆಂಟ್ ಕೂಡ ನಂದೇ. ಇಬ್ಬರು ಕೆಲಸದವರನ್ನು, ಸಹಿ ಹಾಕಿದ ಒಂದು ಕಾಗದವನ್ನು ಕಳಿಸಿ. ಸೆಪ್ಟೆಂಬರ್ 7ರ ಒಳಗೆ. ಬೆಳಿಗ್ಗೆ ಹತ್ತರೊಳಗೆ ಬಂದರೆ ಒಳ್ಳೆಯದು, ಆಮೇಲೆ ನಾನು ಮಂಡಿಗೆ ಕರೆಂಟ್ ಕೊಡಿಸಿಕೊಳ್ಳಲು ಹೋಗಿರುತ್ತೇನೆ.

ಇಂತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರ,
ಬೆಂಗಳೂರು