ಕೇಸ್ ಬುಕ್‌ನಲ್ಲಿ ಊರ ಹೆಸರು ಬೇಡ

ಮುಳಬಾಗಿಲು

ಚಿ. ಕಾವ್ಯಾಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಕೋಲಾರದ ನರ್ಸಿಂಗ್ ಕಾಲೇಜಿನ ಹಾಸ್ಟೆಲ್ ಊಟ ನಿನಗೆ ಹಿಡಿಸಿದೆ ಅಂತ ನಿಮ್ಮಮ್ಮ ಹೇಳಿದಳು. ನಂಬೋದು ಕಷ್ಟ, ಆದರೂ ಸಂತೋಷ. ವಾರ್ಡ್ ಪೋಸ್ಟಿಂಗ್ ಶುರುವಾಗಿದ್ದು ನಿನ್ನ ವಾಟ್ಸಾಪ್ ಸ್ಟೇಟಸ್ ನೋಡಿ ಗೊತ್ತಾಯಿತು. ಯೂನಿಫಾರಂ ನಿನಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ನಿನ್ನ ಹೆಗಲ ಹಿಂದೆ ಏನಿತ್ತು, ನೋಡಿದೆಯಾ? ಮಂಚದ ನಂಬರ್, ತೂಗುಬಿಟ್ಟ ಮೂತ್ರದ ಚೀಲ, ಸೆರಗು ಜಾರಿದ ಒಬ್ಬ ಅಜ್ಜಿಯ ಅರ್ಧ ಮುಖ. ಕಾಲು ಗಟ್ಟಿಯಿದ್ದಾಗ ಆಕೆ ಸೆರಗು ಸರಿ ಮಾಡಿಕೊಳ್ಳದೆ ಬಾಗಿಲಿಗೂ ಬಂದಿರಲಾರಳು. 24 ಗಂಟೆಗೆ ಸ್ಟೇಟಸ್ ತಾನೇ ಹೋಗುತ್ತದೆ ಅಂತೀಯಾ? ಸ್ಕ್ರೀನ್‌ಶಾಟ್ ಹೋಗಲ್ಲ. ಗ್ಯಾಲರಿಯಿಂದಲೂ ಅಳಿಸು. ವಾರ್ಡ್‌ಗೆ ಹೋಗುವಾಗ ಫೋನ್ ಬ್ಯಾಗಿನಲ್ಲೇ ಇರಲಿ.

ಕಾಲೇಜಿನಲ್ಲಿ ಕೇಸ್ ಬುಕ್‌ಗೆ ಕೇಸ್ ಸ್ಟಡಿ, ಅಂದರೆ ನೀನು ನೋಡಿಕೊಂಡ ರೋಗಿಯ ವಿವರ, ಬರೆಸುತ್ತಾರೆ. ರೋಗಿಯ ಹೆಸರು ಹಾಕಬಾರದು ಅಂತ ಮೇಡಂ ಹೇಳಿರುತ್ತಾರೆ. ಬೆಂಗಳೂರಲ್ಲಾದರೆ ಅಷ್ಟು ಸಾಕೋ ಏನೋ, ನಮ್ಮ ಕಡೆ ಸಾಲದು. ‘ವೇಮಗಲ್ ಹತ್ತಿರದ ಹಳ್ಳಿ, 34 ವರ್ಷ, ಗಂಡ ಟೊಮ್ಯಾಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ, ಅವಳಿ ಹೆರಿಗೆ’ ಅಂತ ಬರೆದು ನೋಡು. ಹೆಸರೇ ಇಲ್ಲ, ಆದರೂ ಯಾರ ಮನೆ ಅಂತ ಸುತ್ತಮುತ್ತಲ ಹಳ್ಳಿಗೆಲ್ಲ ಗೊತ್ತಾಗುತ್ತದೆ. ಕಾಯಿಲೆ, ಔಷಧಿ, ನೀನು ಮಾಡಿದ ಆರೈಕೆ ಬರಿ. ಮಾರ್ಕ್ಸ್ ಇರೋದು ಅದಕ್ಕೆ. ಊರ ಹೆಸರು ಬೇಡ, ವಯಸ್ಸು ಮೂವತ್ತರ ಮೇಲೆ ಅಂದರೆ ಸಾಕು. ಗಂಡನ ಕೆಲಸಕ್ಕೂ ಕಾಯಿಲೆಗೂ ಸಂಬಂಧ ಇಲ್ಲದಿದ್ದರೆ ಬಿಟ್ಟುಬಿಡು. ಕೇಸ್ ಶೀಟ್ ಫೋಟೋ ಹೊಡೆದುಕೊಂಡು ಹಾಸ್ಟೆಲ್‌ನಲ್ಲಿ ಕಾಪಿ ಮಾಡೋದು ಈಗ ಮಾಮೂಲಂತೆ. ನೀನು ವಾರ್ಡಲ್ಲೇ ಕೂತು ಬರಿ.

ಇನ್ನು ನಮ್ಮ ನೆಂಟರು. ಫೋನ್ ಬಂದೇ ಬರುತ್ತದೆ. ‘ಅವರ ಸೊಸೆ ನಿಮ್ಮಲ್ಲೇ ಅಡ್ಮಿಟ್ ಅಂತೆ, ಏನಂತೆ?’ ಅಂತಾರೆ. ‘ಆಸ್ಪತ್ರೆ ವಿಷಯ ಹೇಳೋ ಹಾಗಿಲ್ಲ ಅತ್ತೆ’ ಅನ್ನು. ಅಡ್ಮಿಟ್ ಆಗಿರೋದು ಹೌದು ಅಂತಲೂ ಒಪ್ಪಿಕೊಳ್ಳಬೇಡ. ಕೊಬ್ಬು ಅಂತಾರೆ, ಅನ್ನಲಿ ಬಿಡು. ನಾನು ಕೇಳಿದರೂ ಇದೇ ಉತ್ತರ.

ಕಾನೂನೂ ಇದೆ. ಗರ್ಭಪಾತ ಮಾಡಿಸಿಕೊಂಡವಳ ಗುರುತನ್ನು ಡಾಕ್ಟರ್ ಬಯಲು ಮಾಡಿದರೆ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ಪ್ರಕಾರ ಅವರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ, ಚಿಕಿತ್ಸೆ ಕೊಡುವವರಿಗೆ ಅಗತ್ಯ ಇದ್ದಷ್ಟು ಮತ್ತು ಕೋರ್ಟ್ ಆದೇಶದಂಥ ಕೆಲವು ಸಂದರ್ಭ ಬಿಟ್ಟರೆ, ಒಬ್ಬರಿಗೆ ಎಚ್‌ಐವಿ ಇದೆ ಅಂತ ಅವರ ಒಪ್ಪಿಗೆ ಇಲ್ಲದೆ ಹೊರಗೆ ಹೇಳುವಂತಿಲ್ಲ. ಆದರೆ ಬಾಯಿ ಬಿಡದೆಯೂ ಹೇಳಿಬಿಡುತ್ತೇವೆ. ಒಂದು ಮಂಚದ ಹತ್ತಿರ ಹೋಗುವಾಗ ಮಾತ್ರ ಎರಡೆರಡು ಗ್ಲೌಸ್ ಹಾಕಿಕೊಂಡರೆ, ಅವರ ಫೈಲ್ ಮೇಲೆ ಮಾತ್ರ ಕೆಂಪು ಗುರುತಿದ್ದರೆ, ಕಾಫಿ ಕೊಡೋಕೆ ಬಂದ ನೆಂಟರಿಗೂ ಅರ್ಥವಾಗುತ್ತದೆ. ರಕ್ತ ಮುಟ್ಟುವ ಕೆಲಸಕ್ಕೆ ಯಾರೇ ಇರಲಿ ಗ್ಲೌಸ್ ಹಾಕು. ಆಗ ಯಾರೂ ಬೇರೆಯಾಗಿ ಕಾಣಲ್ಲ, ನೀನೂ ಸೇಫ್.

ನಿನಗೆ ತೆಲುಗು ಬರುತ್ತದಲ್ಲ, ಅದನ್ನು ಬಳಸು. ನಂಗಲಿ ಕಡೆಯ ಹೆಂಗಸಿಗೆ ಕನ್ನಡ ತಿಳಿಯದಿದ್ದರೆ ಪಕ್ಕದ ಮಂಚದವಳನ್ನು ಕರೆದು ಕೇಳಿಸುತ್ತಾರೆ. ಮುಟ್ಟು ಯಾವಾಗ ನಿಂತಿತು, ಗಂಡ ಜೊತೆಗಿದ್ದಾನಾ, ಎಲ್ಲ ಅವಳ ಬಾಯಲ್ಲೇ. ಸಂಜೆಯೊಳಗೆ ಇಡೀ ವಾರ್ಡಿಗೆ ಸುದ್ದಿ. ನೀನೇ ಹತ್ತಿರ ಕೂತು ಮೆಲ್ಲಗೆ ಕೇಳು. ಮಂಚದ ಸುತ್ತ ಸ್ಕ್ರೀನ್ ಎಳೆದರೂ ದನಿ ದಾಟುತ್ತದೆ.

ಹಾಗಂತ ‘ಯಾರಿಗೂ ಹೇಳಲ್ಲ’ ಅಂತ ಯಾವ ರೋಗಿಗೂ ಮಾತು ಕೊಡಬೇಡ. 18 ತುಂಬದ ಹುಡುಗಿ ತನ್ನ ಮೈಮೇಲೆ ಯಾರೋ ಕೈ ಹಾಕಿದ್ದನ್ನು ನಿನ್ನ ಹತ್ತಿರ ಹೇಳಿಕೊಳ್ಳಬಹುದು. 2012ರ ಪೋಕ್ಸೊ ಕಾಯ್ದೆ ಪ್ರಕಾರ ಅದು ಪೊಲೀಸರಿಗೆ ತಿಳಿಯಲೇಬೇಕು, ಮುಚ್ಚಿಟ್ಟರೆ ಅಪರಾಧ. ಯಾರಾದರೂ ಸಾಯುವ ಮಾತಾಡಿದರೂ ಸುಮ್ಮನಿರಬೇಡ. ‘ಇದನ್ನ ಸಿಸ್ಟರ್‌ಗೆ ಹೇಳಲೇಬೇಕಮ್ಮ’ ಅಂತ ಅವರಿಗೆ ತಿಳಿಸಿ, ಆಗಿಂದಾಗಲೇ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗು. ರೂಮ್‌ಮೇಟ್ ಹತ್ತಿರ ಅಲ್ಲ.

ಯುಗಾದಿಗೆ ಬರುತ್ತೀಯಲ್ಲ? ಕೇಸ್ ಬುಕ್ ಹಾಸ್ಟೆಲ್‌ನಲ್ಲೇ ಬಿಟ್ಟು ಬಾ. ಕೈಗೆ ಸಿಕ್ಕಿದ್ದನ್ನೆಲ್ಲ ತಿರುವಿ ನೋಡುವ ಚಟ ನಿಮ್ಮಮ್ಮನಿಗೆ ಮೊದಲಿಂದಲೂ ಇದೆ.

ಇಂತಿ,
ನಿನ್ನ ದೊಡ್ಡಮ್ಮ